ಡವಾಲಿಯ ಅಧಿಕಾರ

ಅಧಿಕಾರದಲ್ಲಿ ಎರಡು ಬಗೆ ಉಂಟು. ಕುರ್ಚಿಯ ಮೇಲೆ ಕುಳಿತವರ ಅಧಿಕಾರ ಒಂದು. ಆ ಕುರ್ಚಿಯ ಹಿಂದೆ ನಿಂತವರ ಅಧಿಕಾರ ಇನ್ನೊಂದು. ಮೊದಲನೆಯದನ್ನು ಕುರಿತು ಗ್ರಂಥಗಳು ಬೇಕಾದಷ್ಟಿವೆ. ಎರಡನೆಯದನ್ನು ಕುರಿತು ಬರೆದವರು ವಿರಳ. ಆದರೆ ತಾಲ್ಲೂಕು ಕಛೇರಿಯ ಜಗಲಿಯ ಮೇಲೆ ಒಂದು ಹಗಲು ಕಾದು ಕುಳಿತವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಿಂದೆ ಅಮಲ್ದಾರರ ಕಛೇರಿಯಲ್ಲಿ ಡವಾಲಿ ಕಟ್ಟಿದ ಜವಾನನಿರುತ್ತಿದ್ದ. ಹೆಗಲಿನಿಂದ ಸೊಂಟಕ್ಕೆ ಅಡ್ಡಲಾಗಿ ಇಳಿದ ಬಣ್ಣದ ಪಟ್ಟಿ, ಅದರ ನಡುವೆ ಹುಣಿಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆಯ ಬಿಲ್ಲೆ. ಡವಾಲಿ ಬಿಚ್ಚಿಟ್ಟಾಗ ಆತ ನಮ್ಮ ನಿಮ್ಮ ಹಾಗೆಯೇ ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುವ ಮನುಷ್ಯ. ಕಟ್ಟಿಕೊಂಡನೆಂದರೆ, ಆತ ಹೋದದ್ದು ಅಮಲ್ದಾರರೇ ಹೋದಂತೆ. ಆತ ತಂದ ಚೀಟಿ ಅಮಲ್ದಾರರ ಚೀಟಿ. ಖಜಾನೆಯ ಕಾವಲುಗಾರನೂ ಅವನಿಗೆ ಅಡ್ಡ ಬರುವ ಹಾಗಿಲ್ಲ. ಅಧಿಕಾರ ಅವನದಲ್ಲ, ಡವಾಲಿಯದು.

ಈ ಪೀಠಿಕೆಗೆ ಕಾರಣವಿದೆ. ನಾನು ಬಹುಕಾಲ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತ, ಅದರ ಜೊತೆಗೆ ಅಲ್ಲಿನ ಕಂಪ್ಯೂಟರುಗಳ ಯೋಗಕ್ಷೇಮವನ್ನೂ ನೋಡಿಕೊಂಡವನು. ಆ ಪೆಟ್ಟಿಗೆಗಳೊಳಗೂ ಇಂಥದೇ ಒಂದು ತಾಲ್ಲೂಕು ಕಛೇರಿ ಇದೆ ಎಂಬುದು ನನ್ನ ಅನುಭವ. ಆಪರೇಟಿಂಗ್ ಸಿಸ್ಟಮ್ ಎಂದು ಕರೆಯುತ್ತಾರಲ್ಲ, ಅದು ಮಾಡುವುದು ಅಮಲ್ದಾರಿಯನ್ನೇ. ಯಾರು ಯಾವ ಕಡತವನ್ನು ಓದಬಹುದು, ಯಾರು ತಿದ್ದಬಹುದು, ಯಾರು ಬರಿಯ ಹೊರಗಿನಿಂದ ಹೆಸರು ನೋಡಿ ಹೋಗಬಹುದು ಎಂದು ಅದು ಪ್ರತಿಕ್ಷಣವೂ ತೀರ್ಮಾನಿಸುತ್ತಿರುತ್ತದೆ. ನಮ್ಮಲ್ಲಿದ್ದದ್ದು ಲೈನಕ್ಸ್ ಎಂಬುದು. ಅದರಲ್ಲಿ ಸರ್ವಾಧಿಕಾರಿಯ ಹೆಸರು 'ರೂಟ್', ಎಂದರೆ ಬೇರು. ಉಳಿದವರೆಲ್ಲ ಕೊಂಬೆ ರೆಂಬೆಗಳು. ತಮ್ಮ ತಮ್ಮ ಎಲೆಗಳಿಗೆ ಮಾತ್ರ ಒಡೆಯರು. ಬೇರು ಕೈಗೆ ಸಿಕ್ಕಿದವನಿಗೆ ಇಡೀ ಮರವೇ ಸಿಕ್ಕಿದಂತೆ.

ಆದರೆ ಬೇರಿನ ಅಧಿಕಾರ ಒಬ್ಬನಲ್ಲಿಯೇ ಇದ್ದರೆ ಕಛೇರಿ ನಡೆಯುವುದಿಲ್ಲ. ಒಬ್ಬ ಸಾಮಾನ್ಯ ವಿದ್ಯಾರ್ಥಿ ತನ್ನ ಪಾಸ್‌ವರ್ಡನ್ನು ಬದಲಾಯಿಸಬೇಕೆನ್ನುತ್ತಾನೆ. ಎಲ್ಲರ ಪಾಸ್‌ವರ್ಡಿನ ಗುರುತುಗಳೂ ಒಂದೇ ಕಡತದಲ್ಲಿವೆ. ಅದನ್ನು ಮುಟ್ಟುವ ಹಕ್ಕು ರೂಟಿಗೆ ಮಾತ್ರ. ಹಾಗೆಂದು ಪ್ರತಿಯೊಬ್ಬ ಹುಡುಗನೂ ನನ್ನ ಮನೆಯ ಬಾಗಿಲು ತಟ್ಟುವುದು ಸಾಧ್ಯವೆ? ಅದಕ್ಕಾಗಿ ಒಂದು ಉಪಾಯ. ಪಾಸ್‌ವರ್ಡು ಬದಲಾಯಿಸುವ ಪ್ರೋಗ್ರಾಮಿಗೆ ಒಂದು ಡವಾಲಿ ಕಟ್ಟುತ್ತಾರೆ. ಅದನ್ನು ಕರೆದವನು ಯಾವ ಪಾಮರನೇ ಆಗಿರಲಿ, ಕೆಲಸ ಮಾಡುವಷ್ಟು ಹೊತ್ತು ಅದಕ್ಕೆ ರೂಟಿನ ಅಧಿಕಾರ; ಕೆಲಸ ಮುಗಿಸಿತೋ, ಅಧಿಕಾರವೂ ಮುಗಿಯಿತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸನ್ನು ಕಟ್ಟಿದವರಲ್ಲೊಬ್ಬರಾದ ಡೆನ್ನಿಸ್ ರಿಚ್ಚಿಯವರು ಕಂಡುಹಿಡಿದ ಉಪಾಯ ಇದು. 1973ರಲ್ಲಿ ಅದಕ್ಕೆ ಪೇಟೆಂಟು ಬೇಡಿ ಅರ್ಜಿ ಹಾಕಿದರು; ಮಂಜೂರಾದದ್ದು 1979ರ ಜನವರಿಯಲ್ಲಿ. ನಮ್ಮ ದೇಶದ ಕಛೇರಿಗಳಲ್ಲಿ ಮಾತ್ರ ಕಾಗದಗಳು ನಿದ್ರೆ ಮಾಡುತ್ತವೆ ಎನ್ನುವವರು ಈ ಐದೂವರೆ ವರ್ಷವನ್ನು ಗಮನಿಸಬೇಕು.

ಯುನಿಕ್ಸಿನ ಮನೆತನದ ಈ ಸಂಪ್ರದಾಯ ಲೈನಕ್ಸಿಗೂ ಬಂದಿತು. ಪ್ರತಿಯೊಂದು ಕಡತದ ಮೇಲೂ ಯಾರಿಗೆ ಎಷ್ಟು ಹಕ್ಕೆಂಬುದನ್ನು ಅಂಕಿಗಳಲ್ಲಿ ಗುರುತು ಹಾಕಿರುತ್ತಾರೆ. 0755 ಎಂದಿದ್ದರೆ ಸಾಮಾನ್ಯ ಪ್ರೋಗ್ರಾಮು; ಯಾರು ಬೇಕಾದರೂ ನಡೆಸಬಹುದು, ಆದರೆ ನಡೆಸಿದವನ ಯೋಗ್ಯತೆಯೇ ಅದರ ಯೋಗ್ಯತೆ. 4755 ಎಂದಿದ್ದರೆ ಆ ಮೊದಲಿನ 4 ಇದೆಯಲ್ಲ, ಅದೇ ಡವಾಲಿ.

ಡವಾಲಿ ಕಟ್ಟಿದ ಇಂಥ ಪ್ರೋಗ್ರಾಮುಗಳಲ್ಲಿ 'ಪಿಕೆ-ಎಕ್ಸೆಕ್' ಎಂಬುದೊಂದು. ಪೋಲ್‌ಕಿಟ್ ಎಂಬ ಪರಿವಾರಕ್ಕೆ ಸೇರಿದ್ದು. ಒಬ್ಬನ ಪರವಾಗಿ ಇನ್ನೊಬ್ಬನ ಅಧಿಕಾರದಲ್ಲಿ ಕೆಲಸ ಮಾಡಬಹುದೇ ಎಂದು ನಿಯಮಗಳನ್ನು ನೋಡಿ, ಆಗಬಹುದೆಂದರೆ ಮಾಡಿಕೊಡುವುದು ಅದರ ಉದ್ಯೋಗ. ಉಬುಂಟು, ಡೆಬಿಯನ್, ಫೆಡೋರಾ, ಸೆಂಟ್‌ಓಎಸ್ ಎಂಬ ಲೈನಕ್ಸಿನ ಹೆಸರಾಂತ ರೂಪಗಳಲ್ಲೆಲ್ಲ ಅದು ಕೇಳದೆಯೇ ಬಂದು ಕುಳಿತಿರುತ್ತಿತ್ತು. 2022ರ ಜನವರಿ 25ರಂದು ಕ್ವಾಲಿಸ್ ಎಂಬ ಸಂಸ್ಥೆಯ ಸಂಶೋಧಕರು ಒಂದು ಪ್ರಕಟಣೆ ಹೊರಡಿಸಿದರು. ಈ ಪಿಕೆ-ಎಕ್ಸೆಕ್‌ನಲ್ಲಿ ಒಂದು ಲೋಪವಿದೆ. ಯಂತ್ರದಲ್ಲಿ ಮೂಲೆಯ ಜಾಗ ಪಡೆದ ಯಾವ ಬಳಕೆದಾರನಾದರೂ ಅದರ ಮೂಲಕ ರೂಟ್ ಆಗಿಬಿಡಬಹುದು ಎಂದು ಅದರ ಸಾರಾಂಶ. ಸಿವಿಇ-2021-4034 ಎಂಬುದು ಅದಕ್ಕೆ ಬಿದ್ದ ನಂಬರು. 'ಪ್ವನ್‌ಕಿಟ್' ಎಂಬುದು ಅವರಿಟ್ಟ ಮುದ್ದಿನ ಹೆಸರು. ಹೊರಗಿನ ಕಳ್ಳನಿಗೆ ಇದರಿಂದ ನೇರವಾದ ಪ್ರಯೋಜನವಿಲ್ಲ. ಮನೆಯ ಜಗಲಿಯವರೆಗೆ ಬರಲು ಯಾರಿಗೆ ಹಕ್ಕಿದೆಯೋ, ಅವರು ದೇವರಮನೆಯ ತಿಜೋರಿಗೆ ಕೈಹಾಕಬಹುದಾದ ದಾರಿ ಇದು.

ಲೋಪವಾದರೂ ಎಂಥದು? ಅದನ್ನು ತಿಳಿದಾಗ ನನಗೆ ಭಯಕ್ಕಿಂತ ಹೆಚ್ಚಾಗಿ ಆಶ್ಚರ್ಯವಾಯಿತು. ಓದುಗರಿಗೂ ಅದನ್ನು ನಮ್ಮ ಮನೆಯ ಮಾತಿನಲ್ಲಿಯೇ ಹೇಳಲು ಯತ್ನಿಸುತ್ತೇನೆ.

ನಮ್ಮ ಹಿರಿಯರು ದಿನಸಿ ಚೀಟಿ ಬರೆಯುವಾಗ ಮೊದಲು ನೆತ್ತಿಯ ಮೇಲೆ 'ಶ್ರೀ' ಎಂದು ಬರೆಯುತ್ತಿದ್ದರು. ಅಕ್ಕಿ, ಬೇಳೆ, ಬೆಲ್ಲಗಳೆಲ್ಲ ಅದರ ಕೆಳಗೆ. ಶೆಟ್ಟರ ಅಂಗಡಿಯ ಗುಮಾಸ್ತ 'ಶ್ರೀ'ಯನ್ನು ತೂಗಿ ಕಟ್ಟಿಕೊಡುವುದಿಲ್ಲ. ಕಣ್ಣು ತಾನಾಗಿಯೇ ಎರಡನೆಯ ಸಾಲಿಗೆ ಹೋಗುತ್ತದೆ. ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಮನ್ನು ಕರೆಯುವಾಗಲೂ ಅದರ ಕೈಗೆ ಇಂಥದೊಂದು ಚೀಟಿ ಸಿಕ್ಕುತ್ತದೆ. ಮೊದಲ ಸಾಲಿನಲ್ಲಿ ಆ ಪ್ರೋಗ್ರಾಮಿನ ಹೆಸರೇ ಇರುವುದು ವಾಡಿಕೆ. ಅದೇ 'ಶ್ರೀ' ಎನ್ನಿ. ಅದರ ಕೆಳಗೆ ನಾವು ಹೇಳಿದ ಕೆಲಸಗಳು. ಕೆಲಸಗಳು ಮುಗಿದ ಮೇಲೆ ಒಂದು ಅಡ್ಡಗೆರೆ. ಆ ಗೆರೆಯ ಕೆಳಗೆ, ಅದೇ ಹಾಳೆಯಲ್ಲಿ, ಇನ್ನೊಂದು ಪಟ್ಟಿ ಆರಂಭವಾಗುತ್ತದೆ. ಅದು ಪರಿಸರದ ಪಟ್ಟಿ: ಈ ಮನೆಯಲ್ಲಿ ಆಡುವ ಭಾಷೆ ಯಾವುದು, ಸಾಮಾನುಗಳನ್ನು ಯಾವ ಕೋಣೆಯಲ್ಲಿ ಹುಡುಕಬೇಕು ಎಂಬಂಥ ವಿವರಗಳು ಅದರಲ್ಲಿರುತ್ತವೆ.

ಈಗ ಒಬ್ಬ ಕಿಡಿಗೇಡಿ ಖಾಲಿ ಚೀಟಿಯನ್ನು ಕೊಟ್ಟನೆನ್ನಿ. ಶ್ರೀಯೂ ಇಲ್ಲ, ಅಕ್ಕಿಯೂ ಇಲ್ಲ. ನೆತ್ತಿಯ ಮೇಲೆಯೇ ಅಡ್ಡಗೆರೆ. ಇಂಥ ಚೀಟಿ ಕೊಡಬಾರದೆಂದು ಲೈನಕ್ಸಿನಲ್ಲಿ ಆಗ ಯಾವ ನಿಯಮವೂ ಇರಲಿಲ್ಲ. ಯಾರೂ ಕೊಡುವುದಿಲ್ಲವೆಂಬ ನಂಬಿಕೆ ಇತ್ತು. ಪಿಕೆ-ಎಕ್ಸೆಕ್ ಅಭ್ಯಾಸಬಲದಿಂದ ಮೊದಲ ಸಾಲನ್ನು ಬಿಟ್ಟು ಎರಡನೆಯದಕ್ಕೆ ಹೋಗುತ್ತದೆ. ಅದು ಬಿಟ್ಟದ್ದು ಗೆರೆಯನ್ನು. ಹೋಗಿ ಓದಿದ್ದು ಇನ್ನೊಂದು ಪಟ್ಟಿಯ ಮೊದಲ ಸಾಲನ್ನು! ಓದಿ ಸುಮ್ಮನಿದ್ದರೂ ಆಗುತ್ತಿತ್ತು. ಅಲ್ಲಿ ಬರೆದಿರುವ ಸಾಮಾನು ಎಲ್ಲಿದೆಯೆಂದು ಹುಡುಕಿ, ಅದರ ಪೂರ್ಣ ವಿಳಾಸವನ್ನು ಅದೇ ಸಾಲಿನ ಮೇಲೆ ತಿದ್ದಿ ಬರೆಯುತ್ತದೆ.

ಇದರಿಂದೇನು ಹಾನಿ ಎಂದು ಕೇಳಬಹುದು. ಡವಾಲಿ ಕಟ್ಟಿದ ಪ್ರೋಗ್ರಾಮು ಒಳಗೆ ಕಾಲಿಡುವ ಮುನ್ನ ಬಾಗಿಲಿನಲ್ಲಿ ತಪಾಸಣೆ ನಡೆಯುತ್ತದೆ. ಪರಿಸರದ ಪಟ್ಟಿಯಲ್ಲಿ ಅಪಾಯಕರವಾದ ಸಾಲುಗಳಿದ್ದರೆ ಅವನ್ನು ಅಲ್ಲಿಯೇ ಕಿತ್ತುಹಾಕುತ್ತಾರೆ. ಆದರೆ ತಪಾಸಣೆ ಮುಗಿದು ಒಳಗೆ ಬಂದ ಮೇಲೆ ಜವಾನನೇ ತನ್ನ ಕೈಯಾರೆ ಆ ಸಾಲನ್ನು ಮತ್ತೆ ಬರೆದುಕೊಂಡರೆ? ಇಲ್ಲಿ ಆಗುತ್ತಿದ್ದುದು ಅದೇ. ಕಿಡಿಗೇಡಿ ಮಾಡಬೇಕಾದುದು ಇಷ್ಟು: ಜವಾನ ಹುಡುಕಿ ಬರೆಯುವ ಆ ವಿಳಾಸವು ಅಪಾಯದ ಸಾಲೇ ಆಗುವಂತೆ ಮೊದಲೇ ಏರ್ಪಾಡು ಮಾಡಿಡುವುದು. ಆ ಬಳಿಕ ಪಿಕೆ-ಎಕ್ಸೆಕ್ ಏನೋ ಸರಿಯಿಲ್ಲವೆಂದು ದೂರು ಹೇಳಲು ಬಾಯಿ ತೆರೆಯುತ್ತದೆ. ದೂರನ್ನು ಬೇರೊಂದು ಲಿಪಿವ್ಯವಸ್ಥೆಗೆ ಬದಲಾಯಿಸಿ ಹೇಳಬೇಕಾದಾಗ ಒಬ್ಬ ದುಭಾಷಿ ಬೇಕು. ದುಭಾಷಿ ಯಾವ ಕೋಣೆಯಲ್ಲಿದ್ದಾನೆಂದು ಪಟ್ಟಿಯಲ್ಲಿ ನೋಡುತ್ತದೆ. ಹೊಸದಾಗಿ ಬರೆದುಕೊಂಡ ಸಾಲು ಕಿಡಿಗೇಡಿಯ ಕೋಣೆಯನ್ನೇ ತೋರಿಸುತ್ತದೆ. ಅವನ ಕಡೆಯ ದುಭಾಷಿ ಬಂದು ಅಮಲ್ದಾರರ ಬಾಯಾಗಿ ಕುಳಿತುಕೊಳ್ಳುತ್ತಾನೆ. ಅಲ್ಲಿಗೆ ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಪಿಕೆ-ಎಕ್ಸೆಕ್ ಹುಟ್ಟಿದ್ದು 2009ರ ಮೇ ತಿಂಗಳಿನಲ್ಲಿ. ಲೋಪವೂ ಅದರ ಜೊತೆಯಲ್ಲಿಯೇ ಹುಟ್ಟಿತ್ತು. ಹನ್ನೆರಡು ವರ್ಷಕ್ಕೂ ಮೀರಿ ಅದು ಎಲ್ಲರ ಕಣ್ಣೆದುರಿಗೆ, ಯಾರು ಬೇಕಾದರೂ ಓದಬಹುದಾದ ಬರಹದಲ್ಲಿ, ನೆಮ್ಮದಿಯಾಗಿ ಬಾಳಿತು. 2013ರಲ್ಲಿ ರಯಾನ್ ಮಾಲನ್ ಎಂಬುವರು ಖಾಲಿ ಚೀಟಿಯ ಈ ವಿಚಿತ್ರವನ್ನು ಕುರಿತು ಬರೆದು, ಪಿಕೆ-ಎಕ್ಸೆಕ್ ಇಲ್ಲಿ ಎಡವುತ್ತದೆ ಎಂದು ಬೆರಳು ಮಾಡಿ ತೋರಿಸಿದ್ದರು. ಆಗ ಅದರಿಂದ ದೊಡ್ಡ ಅನಾಹುತವೇನೂ ಕಾಣದಿದ್ದುದರಿಂದ ಮಾತು ಅಲ್ಲಿಗೇ ನಿಂತಿತು. ಜ್ವರ ಬಾರದೆ ವೈದ್ಯರ ಮಾತು ನೆನಪಾಗುವುದಿಲ್ಲ.

ಇನ್ನು ನಮ್ಮ ಊರಿನ ಕಥೆ. ಪ್ರಕಟಣೆ ಹೊರಟದ್ದು ನಮ್ಮ ಗಡಿಯಾರದಲ್ಲಿ ರಾತ್ರಿ, ಮರುದಿನ ಗಣರಾಜ್ಯೋತ್ಸವ. ಕೋವಿಡ್ ಕಾಲವಾದುದರಿಂದ ಕಾಲೇಜಿನ ಅಂಗಳದಲ್ಲಿ ಸಭೆ ಚಿಕ್ಕದು. ಮುಖಗವಸುಗಳ ಹಿಂದಿನಿಂದಲೇ ರಾಷ್ಟ್ರಗೀತೆ ಹಾಡಿ, ಬೂಂದಿಯ ಪೊಟ್ಟಣ ಹಿಡಿದು ಎಲ್ಲರೂ ಚದರುತ್ತಿದ್ದಾಗ ಕೊನೆಯ ವರ್ಷದ ಒಬ್ಬ ಹುಡುಗ ನನ್ನ ಹತ್ತಿರ ಬಂದು ನಿಂತ. ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುವವನು. ವಿದ್ಯಾರ್ಥಿವೇತನದಿಂದ ಓದು ನಡೆಸಿದ್ದವನು. ರಜೆಯ ದಿನ ಬಸ್ಸುಗಳು ಕಡಿಮೆ ಎಂಬುದನ್ನು ನಾನು ಬಲ್ಲೆ.

"ಸಾರ್, ಒಂದು ಮಾತು. ನಮ್ಮ ಲ್ಯಾಬಿನ ದೊಡ್ಡ ಯಂತ್ರದಲ್ಲೂ ಅದು ಇದೆ."

"ಯಾವುದಯ್ಯ?"

"ನಿನ್ನೆ ರಾತ್ರಿ ಬಂತಲ್ಲ ಸಾರ್, ಪಿಕೆ-ಎಕ್ಸೆಕ್. ನಮ್ಮದು ಹಳೇ ಉಬುಂಟು. ಅದಕ್ಕೆ ರಿಪೇರಿ ಬರಲ್ಲ."

ಹುಡುಗ ಹೇಳಿದ್ದು ಸರಿಯಾಗಿತ್ತು. ನಮ್ಮ ಯಂತ್ರದಲ್ಲಿದ್ದದ್ದು 2016ರ ಏಪ್ರಿಲಿನ ಉಬುಂಟು. ಅದಕ್ಕೆ ಸರ್ವರಿಗೂ ಸಿಕ್ಕುವ ದುರಸ್ತಿ 2021ರ ಏಪ್ರಿಲಿಗೇ ನಿಂತಿತ್ತು. ಹೊಸದಕ್ಕೆ ಹೋಗೋಣವೆಂದರೆ ಪರೀಕ್ಷಾ ವಿಭಾಗದವರು ಯಾರಿಂದಲೋ ಬರೆಸಿದ್ದ ಅಂಕಗಳ ಪ್ರೋಗ್ರಾಮು ಹಳೆಯದರಲ್ಲಿ ಮಾತ್ರ ಓಡುತ್ತದೆ. ಬೇರೆ ಯಂತ್ರಕ್ಕಾಗಿ ನಾನು ಬರೆದ ಕಾಗದ ಕಡತದಲ್ಲಿ ತಪಸ್ಸು ಮಾಡುತ್ತಿತ್ತು. ಹೀಗಾಗಿ ಹುಡುಗರ ಪಾಠದ ಕೆಲಸವೂ ಅದೇ ಯಂತ್ರದಲ್ಲಿ, ಅವರ ಆಂತರಿಕ ಅಂಕಗಳೂ ಅದೇ ಯಂತ್ರದಲ್ಲಿ. ನಡುವೆ ಇದ್ದದ್ದು ಆಪರೇಟಿಂಗ್ ಸಿಸ್ಟಮ್ ಎಂಬ ಒಂದು ಗೋಡೆ. ಆ ಗೋಡೆಯಲ್ಲಿ ಕಿಂಡಿ ಬಿದ್ದಿತ್ತು.

"ನಿನಗೆ ಹೇಗೆ ಗೊತ್ತಾಯಿತು?" ಎಂದೆ.

"ಕಡತದ ಪಟ್ಟಿ ನೋಡಿದೆ ಸಾರ್. 'ಎಕ್ಸ್' ಇರಬೇಕಾದ ಕಡೆ 'ಎಸ್' ಇತ್ತು. ಅಷ್ಟೇ. ಬೇರೇನೂ ಮಾಡಲಿಲ್ಲ."

ಡವಾಲಿ ಕಟ್ಟಿದ ಕಡತವನ್ನು ಹಾಗೆಯೇ ಗುರುತಿಸುವುದು. ಅದನ್ನು ನೋಡಲು ಯಾವ ವಿಶೇಷ ಹಕ್ಕೂ ಬೇಡ. ಕಾವಲುಗಾರನನ್ನು ಕರೆದು ಲ್ಯಾಬಿನ ಬೀಗ ತೆಗೆಸಿದೆ. ಪ್ರಕಟಣೆಯಲ್ಲಿಯೇ ಒಂದು ತಾತ್ಕಾಲಿಕ ಚಿಕಿತ್ಸೆಯನ್ನೂ ಹೇಳಿದ್ದರು: ದುರಸ್ತಿ ಬರುವವರೆಗೆ, ಅಥವಾ ಬಾರದಿದ್ದರೆ, ಪಿಕೆ-ಎಕ್ಸೆಕ್‌ನ ಡವಾಲಿ ಬಿಚ್ಚಿಬಿಡಿ. ಒಂದೇ ಸಾಲಿನ ಅಪ್ಪಣೆ. 4755 ಇದ್ದದ್ದು 0755 ಆಗಬೇಕು. ಬರೆದು ಗುಂಡಿ ಒತ್ತಿದೆ. ಪಟ್ಟಿ ತೆಗೆದು ನೋಡಿದರೆ 'ಎಸ್' ಹೋಗಿ 'ಎಕ್ಸ್' ಬಂದಿತ್ತು. ಲೋಪ ಒಳಗೆ ಹಾಗೆಯೇ ಇತ್ತು. ಖಾಲಿ ಚೀಟಿ ಕೊಟ್ಟರೆ ಅದು ಈಗಲೂ ಎಡವುತ್ತದೆ. ಆದರೆ ಎಡವಿದವನ ಹೆಗಲ ಮೇಲೆ ಡವಾಲಿ ಇಲ್ಲವಾದ್ದರಿಂದ ಅವನಿಂದ ಏನನ್ನೂ ಕಿತ್ತುಕೊಳ್ಳುವಂತಿಲ್ಲ. ಇದರಿಂದ ನಮಗೆ ನಷ್ಟವಾದದ್ದೇನು? ಪಿಕೆ-ಎಕ್ಸೆಕ್‌ನ ನ್ಯಾಯವಾದ ಸೇವೆಯೂ ನಿಂತಿತು. ಆ ಯಂತ್ರದಲ್ಲಿ ಅದರ ಸೇವೆಯನ್ನು ಬೇಡುವವರು ಯಾರೂ ಇರಲಿಲ್ಲ. ಯಾರಿಗೂ ಬೇಡದ ಜವಾನ ವರ್ಷಗಟ್ಟಲೆ ಡವಾಲಿ ಹಾಕಿಕೊಂಡು ಖಜಾನೆಯ ಬಾಗಿಲಲ್ಲಿ ಕುಳಿತಿದ್ದ, ಅಷ್ಟೆ.

ಯಂತ್ರದ ವಿಷಯ ಹತ್ತು ನಿಮಿಷದಲ್ಲಿ ಮುಗಿಯಿತು. ಮನುಷ್ಯರ ವಿಷಯ ಹಾಗೆ ಮುಗಿಯಲಿಲ್ಲ. ಎರಡು ದಿನ ಕಳೆದ ಮೇಲೆ ಪ್ರಾಂಶುಪಾಲರು ಹೇಳಿಕಳುಹಿಸಿದರು. ಅವರ ಕಿವಿಗೆ ಸುದ್ದಿ ಬೇರೆ ರೂಪದಲ್ಲಿ ಬಿದ್ದಿತ್ತು.

"ಏನ್ರೀ ಮೇಷ್ಟ್ರೇ, ಒಬ್ಬ ಹುಡುಗ ಮಾರ್ಕ್ಸ್ ಇರೋ ಯಂತ್ರಕ್ಕೆ ನುಗ್ಗಿದನಂತೆ?"

"ನುಗ್ಗಲಿಲ್ಲ ಸಾರ್. ನುಗ್ಗಬಹುದು ಅಂತ ಬಂದು ಹೇಳಿದ."

"ನುಗ್ಗದೆ ಹೇಗ್ರೀ ಗೊತ್ತಾಗುತ್ತೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿದೆ ಇದು."

"ಯಾರೂ ಇನ್ನೂ ಕುಂಬಳಕಾಯಿ ಅಂದೇ ಇರಲಿಲ್ಲ ಸಾರ್. ತೋಟದ ಬೇಲಿ ಮುರಿದಿದೆ ಅಂತ ಅವನೇ ಮೊದಲು ಬಂದು ಹೇಳಿದ್ದು."

ಅವರು ಕೆಟ್ಟವರಲ್ಲ. ಅಂಕಗಳಲ್ಲಿ ಹೆಚ್ಚುಕಡಿಮೆಯಾದರೆ ಉತ್ತರ ಹೇಳಬೇಕಾದವರು ಅವರು. ಮೂವರ ಸಮಿತಿ ಕುಳಿತಿತು. ಹುಡುಗ ಹೊರಗೆ ಬೆಂಚಿನ ಮೇಲೆ. ತಪ್ಪಿತಸ್ಥನೆಂದು ಒಂದು ಸಾಲು ಬರೆದರೆ ಅವನ ವಿದ್ಯಾರ್ಥಿವೇತನ ಹೋಗುತ್ತದೆ; ಅದು ಹೋದರೆ ಕೊನೆಯ ವರ್ಷವೂ ಹೋದಂತೆಯೇ.

ಸಮಿತಿಯವರಲ್ಲಿ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಯಂತ್ರದ ದಾಖಲೆಯಲ್ಲಿ ಏನಾದರೂ ಗುರುತು ಇದೆಯೇ?"

"ಏನೂ ಇಲ್ಲ" ಎಂದೆ.

"ಹಾಗಾದರೆ ಮಾಡಿಲ್ಲ ಎಂದಾಯಿತಲ್ಲ? ಮುಗಿಸಿಬಿಡೋಣ."

ಅಲ್ಲಿ ನಾನು ಸುಮ್ಮನಿದ್ದಿದ್ದರೆ ಎಲ್ಲವೂ ಸುಖವಾಗಿ ಮುಗಿಯುತ್ತಿತ್ತು. ಆದರೆ ಈ ಲೋಪವನ್ನು ಕಂಡುಹಿಡಿದವರೇ ಸ್ಪಷ್ಟವಾಗಿ ಹೇಳಿದ್ದರು: ಒಂದು ವಿಧದಲ್ಲಿ ಬಳಸಿದರೆ ದಾಖಲೆಯಲ್ಲಿ ಗುರುತು ಉಳಿಯುತ್ತದೆ, ಇನ್ನೊಂದು ವಿಧದಲ್ಲಿ ಬಳಸಿದರೆ ಯಾವ ಗುರುತೂ ಉಳಿಯುವುದಿಲ್ಲ. ಗುರುತಿಲ್ಲ ಎಂಬುದು ಕಳವಾಗಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಯಂತ್ರದ ಹೊಣೆ ಹೊತ್ತವನಾಗಿ ನಾನು ಅದನ್ನು ಹೇಳದಿರುವಂತಿರಲಿಲ್ಲ. ಹೇಳಿದೆ. ಹೇಳುವಾಗ ಬಾಗಿಲ ಸಂದಿನಿಂದ ಬೆಂಚಿನ ಮೇಲಿನ ಹುಡುಗನ ಚಪ್ಪಲಿಗಳು ಕಾಣುತ್ತಿದ್ದವು. ಮೇಜಿನ ಸುತ್ತ ಮೌನ. ಪ್ರಾಂಶುಪಾಲರು ಲೇಖನಿಯ ಮುಚ್ಚಳ ತೆಗೆದರು.

"ಇನ್ನೊಂದು ಸಾಕ್ಷಿ ಇದೆ" ಎಂದೆ. "ಅಂಕಗಳು ಯಂತ್ರಕ್ಕೆ ಹೋಗುವ ಮೊದಲು ಪುಸ್ತಕದಲ್ಲಿದ್ದವು. ಅಧ್ಯಾಪಕರ ರುಜು ಇರುವ ಪುಸ್ತಕಗಳು. ಅವನ್ನು ಯಾವ ರೂಟ್ ಕೂಡ ತಿದ್ದಲಾರ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ."

ನೋಡಲು ಎರಡು ದಿನ ಹಿಡಿಯಿತು. ಒಬ್ಬರು ಪುಸ್ತಕ ಓದುವುದು, ಒಬ್ಬರು ಪರದೆ ನೋಡಿ ಹೂಂಗುಟ್ಟುವುದು. ಹಿಂದೆ ಶಾನುಭೋಗರು ಪಹಣಿ ತಾಳೆ ನೋಡುತ್ತಿದ್ದ ರೀತಿ. ಎಲ್ಲವೂ ತಾಳೆಯಾದವು, ಒಂದರ ಹೊರತು. ಆ ಒಂದು ಅದೇ ಹುಡುಗನದು! ಓದುತ್ತಿದ್ದವರು ನಿಲ್ಲಿಸಿದರು, ನೋಡುತ್ತಿದ್ದವರು ಕನ್ನಡಕ ಸರಿಮಾಡಿಕೊಂಡರು. ಪುಸ್ತಕದಲ್ಲಿ 17, ಯಂತ್ರದಲ್ಲಿ 11. ಯಾರೋ ಗುಮಾಸ್ತರು 7ನ್ನು 1 ಎಂದು ಓದಿ ಬೆರಳಚ್ಚು ಮಾಡಿದ್ದರು.

ಪ್ರಾಂಶುಪಾಲರು ಆ ಎರಡು ಅಂಕಿಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕರು. "ಖಜಾನೆಗೆ ಹೋದವನು ತನ್ನ ಬಾಕಿಯನ್ನೇ ಬಿಟ್ಟು ಬರುತ್ತಾನೇನ್ರೀ?" ಎಂದು ಲೇಖನಿಯ ಮುಚ್ಚಳ ಹಾಕಿದರು. ತರ್ಕಶಾಸ್ತ್ರಜ್ಞರು ಇದನ್ನು ಪೂರ್ಣ ಪ್ರಮಾಣವೆಂದು ಒಪ್ಪಲಾರರು. ಆದರೆ ಪುಸ್ತಕಗಳೆಲ್ಲ ತಾಳೆಯಾಗಿದ್ದವು, ಮೂವರ ಮನಸ್ಸೂ ಹಗುರವಾಗಿತ್ತು. ಕಡತ ಅಲ್ಲಿಗೆ ಮುಕ್ತಾಯವಾಯಿತು.

ನಾನು ಈ ಅವಕಾಶವನ್ನು ಬಿಡಲಿಲ್ಲ. ತಪಸ್ಸಿನಲ್ಲಿದ್ದ ಕಾಗದವನ್ನು ಎಬ್ಬಿಸಿದೆ. ಅಂಕಗಳಿಗೆ ಬೇರೆ ಯಂತ್ರ ಬಂದಿತು; ಅದರಲ್ಲಿ ವಿದ್ಯಾರ್ಥಿಗಳಿಗೆ ಖಾತೆಯೇ ಇಲ್ಲ. ಹಳೆಯ ಯಂತ್ರವನ್ನು ತೊಳೆದು, ದುರಸ್ತಿ ಸಿಕ್ಕುವ ಹೊಸ ಉಬುಂಟು ಹಾಕಿದೆವು. ಹಾಕಿದ ದಿನವೇ ಅದರಲ್ಲಿ ಡವಾಲಿ ಕಟ್ಟಿದವರು ಎಷ್ಟು ಮಂದಿ ಎಂದು ಪಟ್ಟಿ ತೆಗೆದೆ. ಅದಕ್ಕೂ ಒಂದೇ ಸಾಲಿನ ಅಪ್ಪಣೆ ಸಾಕು. ಪಟ್ಟಿ ಹಿಡಿದು, ನೀನೇಕೆ ಇಲ್ಲಿದ್ದೀಯೆ ಎಂದು ಒಬ್ಬೊಬ್ಬರನ್ನೇ ಕೇಳಿ, ಉತ್ತರ ಕೊಡಲಾರದವರ ಡವಾಲಿ ಬಿಚ್ಚಿದೆ. ವರ್ಷಕ್ಕೊಮ್ಮೆ ಹೀಗೆ ಕೇಳುವುದು ಅಲ್ಲಿಂದ ಮುಂದೆ ಲ್ಯಾಬಿನ ಪದ್ಧತಿಯಾಯಿತು.

ನಮ್ಮ ಸಹೋದ್ಯೋಗಿಗಳೊಬ್ಬರಿಗೆ ಇದು ಹಿಡಿಸಲಿಲ್ಲ. "ನಮ್ಮ ಹುಡುಗರ ಮೇಲೆ ಇಷ್ಟು ಅಪನಂಬಿಕೆಯೇ?" ಎಂದರು. ನನಗೆ ಹಾಗೆ ತೋರುವುದಿಲ್ಲ. ಗೋಡೆಯಲ್ಲಿ ಕಿಂಡಿಯಿದ್ದಾಗ ಒಳಗೆ ಹೋಗದ ನೂರು ಜನರ ಮೇಲೂ ಹೋಗಿರಬಹುದೆಂಬ ನೆರಳು ಬೀಳುತ್ತದೆ. ಬೆಂಚಿನ ಮೇಲೆ ಕುಳಿತವನ ಮೇಲೆ ಬಿದ್ದದ್ದು ಅದೇ ನೆರಳು. ಗೋಡೆ ಗಟ್ಟಿಯಾಗಿದ್ದರೆ ಅವನನ್ನು ಕೂರಿಸುವ ಪ್ರಸಂಗವೇ ಬರುತ್ತಿರಲಿಲ್ಲ.

ದೊಡ್ಡವರ ಮನೆಯಲ್ಲಿಯೂ ಇದೇ ದಾರಿಯಲ್ಲಿ ಕೆಲಸ ನಡೆದಿದೆ. ಪಿಕೆ-ಎಕ್ಸೆಕ್ ಬರೆದವರ ಕಡೆಯವರು, ಚೀಟಿ ಖಾಲಿಯಿದ್ದರೆ ಕೆಲಸ ಮಾಡದೆ ಹಿಂದಿರುಗುವಂತೆ ಅದನ್ನು ತಿದ್ದಿದರು. ಅದೇ 2022ರಲ್ಲಿ ಬಂದ ಲೈನಕ್ಸಿನ 5.18ನೆಯ ಆವೃತ್ತಿಯಲ್ಲಿ, ಯಾರಾದರೂ ಖಾಲಿ ಚೀಟಿ ಕೊಟ್ಟರೆ ಅದರ ನೆತ್ತಿಯ ಮೇಲೆ ಯಂತ್ರವೇ ಒಂದು ಬರಿಯ ಸಾಲನ್ನು ಸೇರಿಸಿಬಿಡುತ್ತದೆ. ಗುಮಾಸ್ತ ಅದನ್ನು ಬಿಟ್ಟು ಮುಂದೆ ಹೋದರೆ ಗೆರೆಯೇ ಸಿಕ್ಕುತ್ತದೆ, ಗೆರೆಯ ಆಚೆಗೆ ಹೋಗುವುದಿಲ್ಲ. ಓಪನ್‌ಬಿಎಸ್‌ಡಿ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ ಮೊದಲಿನಿಂದಲೇ ಖಾಲಿ ಚೀಟಿಯನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ಅವರಿಗೆ ಈ ಲೋಪದ ಬಾಧೆಯೇ ತಟ್ಟಲಿಲ್ಲ. ಡವಾಲಿಗಳನ್ನು ಕಡಿಮೆ ಮಾಡುವ ಯತ್ನವೂ ಉಂಟು. ದೂರದ ಯಂತ್ರ ಬದುಕಿದೆಯೇ ಎಂದು ಕೂಗಿ ಕೇಳುವ 'ಪಿಂಗ್' ಎಂಬ ಪುಟ್ಟ ಪ್ರೋಗ್ರಾಮಿಗೂ ಹಿಂದೆ ಪೂರ್ತಿ ಡವಾಲಿ ಕಟ್ಟುತ್ತಿದ್ದರು. ಆಮೇಲೆ ಅನೇಕ ಕಡೆ ಅದನ್ನು ಬಿಚ್ಚಿ, ಕೂಗುವುದಕ್ಕೆ ಬೇಕಾದಷ್ಟೇ ಅಧಿಕಾರದ ಒಂದು ಚಿಕ್ಕ ಬಿಲ್ಲೆ ಕೊಟ್ಟರು.

ಆದರೂ ಡವಾಲಿ ಪೂರ್ತಿಯಾಗಿ ಹೋಗುವಂಥದಲ್ಲ. ಪಿಕೆ-ಎಕ್ಸೆಕ್‌ಗೆ ಒಂದು ವರ್ಷ ಮೊದಲು, 2021ರ ಜನವರಿ 26ರಂದು, 'ಸುಡೊ' ಎಂಬ ಇನ್ನೂ ಹಳೆಯ, ಇನ್ನೂ ಹೆಚ್ಚು ನಂಬಿಕೆಯ ಜವಾನನಲ್ಲಿ ಇಂಥದೇ ಲೋಪ ಹೊರಬಿದ್ದಿತ್ತು. ಅದು ಒಳಗೆ ಸೇರಿ ಒಂಬತ್ತೂವರೆ ವರ್ಷವಾಗಿತ್ತು. ಅದನ್ನು ಕಂಡವರೂ ಕ್ವಾಲಿಸಿನವರೇ. ಸುಡೊವಿನ ಡವಾಲಿ ಬಿಚ್ಚಿದರೆ ನಮ್ಮ ಕೆಲಸವೇ ನಡೆಯದು; ಅದಕ್ಕೆ ದುರಸ್ತಿಯನ್ನೇ ಹಾಕಬೇಕಾಯಿತು. ಬೇಡದವರ ಡವಾಲಿ ಬಿಚ್ಚುವುದು, ಬೇಕಾದವರನ್ನು ಆಗಾಗ ತಪಾಸಣೆಗೆ ಕರೆಯುವುದು, ಖಜಾನೆಯನ್ನು ಜಗಲಿಯಿಂದ ದೂರ ಇಡುವುದು, ದುರಸ್ತಿ ನಿಂತುಹೋದ ಯಂತ್ರವನ್ನು ನಂಬದಿರುವುದು. ಇಷ್ಟು ವರ್ಷದ ಅನುಭವದಲ್ಲಿ ನಾನು ಕಂಡ ಮದ್ದುಗಳು ಈ ನಾಲ್ಕೇ. ಐದನೆಯದೊಂದಿದೆ, ಅದು ಯಾವ ಪ್ರಕಟಣೆಯಲ್ಲಿಯೂ ಬರುವುದಿಲ್ಲ: ಬೇಲಿ ಮುರಿದಿದೆ ಎಂದು ಬಂದು ಹೇಳಿದವನನ್ನು ಕಳ್ಳನೆನ್ನದಿರುವುದು. ಅವನನ್ನು ಒಮ್ಮೆ ಬೆಂಚಿನ ಮೇಲೆ ಕೂರಿಸಿದರೆ ಮುಂದಿನ ವರ್ಷ ಬೇಲಿ ಮುರಿದಾಗ ಹೇಳಲು ಯಾರೂ ಬರುವುದಿಲ್ಲ.

ಹುಡುಗನ ಆ ಆರು ಅಂಕಗಳು ಏನಾದವು ಎಂದು ಓದುಗರು ಕೇಳಬಹುದು. ಅವನು ಅರ್ಜಿ ಬರೆದುಕೊಟ್ಟ. ಅಧ್ಯಾಪಕರು ಪುಸ್ತಕದ ಪ್ರತಿಯ ಮೇಲೆ ರುಜು ಹಾಕಿದರು. ವಿಭಾಗದ ಮುಖ್ಯಸ್ಥರು ಶಿಫಾರಸು ಮಾಡಿದರು. ಪರೀಕ್ಷಾ ವಿಭಾಗದವರು ಒಂದು ಪ್ರತಿ ಸಾಲದೆಂದು ಮೂರು ಪ್ರತಿ ಕೇಳಿದರು. ಎಲ್ಲ ಮುಗಿದು 11 ಎಂಬುದು 17 ಆಗಲು ಮೂರು ವಾರ ಹಿಡಿಯಿತು. ನಡುವೆ ಒಂದು ದಿನ ನಾನು ಅವನನ್ನು ಕಾರಿಡಾರಿನಲ್ಲಿ ಕಂಡು, "ಬಂತೇನಯ್ಯ?" ಎಂದು ಕೇಳಿದೆ. "ಇನ್ನೂ ಇಲ್ಲ ಸಾರ್. ಕಡತ ಮೇಲೆ ಹೋಗಿದೆಯಂತೆ" ಎಂದು ನಕ್ಕು, ಬಸ್ಸಿಗೆ ಹೊತ್ತಾಯಿತೆಂದು ಓಡಿದ.